ಸುಣ್ಣದ ಗೆರೆಯ ಮಾಸ್ಟರು

ಹೋದ ತಿಂಗಳು ಮುಳಬಾಗಿಲಿನ ಕಡೆಯಿಂದ ಬಂದ ನೆಂಟರೊಬ್ಬರು, "ನಿಮ್ಮೂರ ರೈಲ್ವೆ ಸ್ಟೇಷನ್ನಲ್ಲಿದ್ರಲ್ಲ ಮಾಸ್ಟ್ರು, ಹೋಗ್ಬಿಟ್ರಂತೆ" ಎಂದರು. ನಾನು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದೆ. ಕೈ ನಿಲ್ಲಲಿಲ್ಲ. "ಹೌದಾ" ಎಂದೆ. ಅಷ್ಟು ಅವರಿಗೆ ಸಾಲಲಿಲ್ಲ ಎಂದು ಕಾಣುತ್ತದೆ. ಒಳ್ಳೆಯ ಮನುಷ್ಯ, ಶಿಸ್ತಿನ ಮನುಷ್ಯ, ಒಂದು ಕೊಳೆ ಕಂಡರೆ ಆಗುತ್ತಿರಲಿಲ್ಲ ಎಂದು ತಾವೇ ನಾಲ್ಕು ಮಾತು ಸೇರಿಸಿದರು. ಕೊಳೆ ಕಂಡರೆ ಆಗುತ್ತಿರಲಿಲ್ಲ ಎನ್ನುವುದು ನಿಜ. ಮಾಸ್ಟರ ಲೆಕ್ಕದಲ್ಲಿ ಕೊಳೆ ಎಂದರೆ ಮನುಷ್ಯರು. ಒಂದು ಊರಿನ ಸ್ಟೇಷನ್ನನ್ನು ಒಬ್ಬ ಮನುಷ್ಯ ಗುಡಿಸಿ ಗುಡಿಸಿಯೇ ಇಲ್ಲದಂತೆ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಕಸದ ಜೊತೆಗೆ ನನ್ನ ಓದೂ ಹೋಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಅಚ್ಚಿನಲ್ಲಿ ತಮ್ಮ ಹೆಸರು ಕಂಡರೆ ಸತ್ತ ಮೇಲೂ ಹಿಗ್ಗುವಂಥ ಜನ ಅವರು.

ನಮ್ಮೂರು ಕೋಲಾರಕ್ಕೂ ಶ್ರೀನಿವಾಸಪುರಕ್ಕೂ ನಡುವೆ, ಚಿಕ್ಕ ರೈಲಿನ ದಾರಿಯಲ್ಲಿ ಇದೆ. ಚಿಕ್ಕ ರೈಲು ಎಂದರೆ ನಿಜವಾಗಿ ಚಿಕ್ಕದೇ. ಹಳಿಗಳ ಅಂತರ ಒಂದು ಗಜಕ್ಕಿಂತ ಕಡಿಮೆ, ಡಬ್ಬಿಗಳು ಗಿಡ್ಡ, ಏರು ಬಂದರೆ ಎಂಜಿನ್ನು ಏದುಸಿರು ಬಿಡುತ್ತಿತ್ತು. ಹಳಿ ಬಂದ ಕಾಲವನ್ನು ನನ್ನ ತಾತ ಸಣ್ಣವನಾಗಿದ್ದಾಗ ನೋಡಿದ್ದನಂತೆ. ಸ್ಟೇಷನ್ ಆದ ಮೇಲೇ ನಮ್ಮೂರಿಗೆ ದೂರದ ಜನ ಹೆಣ್ಣು ಕೊಡಲು ಒಪ್ಪಿದ್ದು ಎಂದು ಅವನು ಹೇಳುತ್ತಿದ್ದ. ನಾನು ಕಂಡಾಗಲೂ ಅದು ತುಂಬಿದ ಸ್ಟೇಷನ್ನೇ. ಬೇಸಿಗೆಯಲ್ಲಿ ಮಾವಿನ ಕುಕ್ಕೆಗಳು, ಸುಗ್ಗಿಯಲ್ಲಿ ಹುಣಸೆಯ ಗೋಣಿಗಳು, ವರ್ಷವೆಲ್ಲ ಸೊಪ್ಪು, ಟೊಮ್ಯಾಟೊ, ರೇಷ್ಮೆಗೂಡು. ಬೆಳಗಿನ ರೈಲಿಗೆ ಕೋಲಾರದ ಸಂತೆಗೆ ಹೋಗುವ ಹೆಂಗಸರು ಪ್ಲಾಟ್‌ಫಾರಮ್ಮಿನ ಮೇಲೆ ಕಾಲು ಚಾಚಿ ಕೂತು ತಂಗಳು ಮುದ್ದೆ ಉಣ್ಣುತ್ತಿದ್ದರು. ಆಗಿದ್ದ ಹಳೆಯ ಮಾಸ್ಟರು ಬನಿಯನ್ನಿನಲ್ಲಿ ಬೆಂಚಿನ ಮೇಲೆ ಮಲಗಿರುತ್ತಿದ್ದ. ಟಿಕೀಟು ಬೇಕಾದವರು ಎಬ್ಬಿಸಿ ತೆಗೆದುಕೊಳ್ಳುತ್ತಿದ್ದರು, ಬೇಡವಾದವರು ಎಬ್ಬಿಸುತ್ತಿರಲಿಲ್ಲ. ಅದೊಂದು ಸ್ಟೇಷನ್ನೇ ಎಂದು ಯಾರಾದರೂ ಕೇಳಬಹುದು. ಆದರೆ ರೈಲು ನಿಲ್ಲುತ್ತಿತ್ತು, ಜನ ಹತ್ತುತ್ತಿದ್ದರು, ಇಳಿಯುತ್ತಿದ್ದರು.

ಎಪ್ಪತ್ತರ ದಶಕದ ಮೊದಲಲ್ಲಿ ಅವನಿಗೆ ವರ್ಗವಾಗಿ ಇವರು ಬಂದರು. ಮುಳಬಾಗಿಲಿನವರು, ಲೆಕ್ಕ ಬರೆಯುವ ಮನೆತನ, ನಲವತ್ತೈದು ದಾಟಿದ ವಯಸ್ಸು. ಬಿಳಿ ಪ್ಯಾಂಟು, ಬಿಳಿ ಕೋಟು, ಇಸ್ತ್ರಿಯ ಗೆರೆಯಲ್ಲಿ ಸೊಪ್ಪು ಹೆಚ್ಚಬಹುದಿತ್ತು. ಬಂದ ದಿನವೇ ಕಿಟಕಿಯ ಕಟ್ಟೆಯ ಮೇಲೆ ಬೆರಳು ಎಳೆದು, ಆ ಬೆರಳನ್ನು ಹಳೆಯ ಮಾಸ್ಟರ ಮುಂದೆ ಹಿಡಿದರಂತೆ. ಅವನು ಪಾಪ, ತನ್ನ ಹಾಸಿಗೆ ಸುತ್ತಿಕೊಂಡು ಹೋದ.

ವಾರದೊಳಗೆ ಸ್ಟೇಷನ್ನಿನ ಸುತ್ತ ಕಲ್ಲು ಸಾಲಿಟ್ಟು ಸುಣ್ಣ ಬಳಿಸಿದರು. ಕಲ್ಲಿನ ಒಳಗೆ ಕ್ರೋಟನ್ ಗಿಡ, ಕಣಗಿಲೆ. ಪ್ಲಾಟ್‌ಫಾರಮ್ಮಿನ ಅಂಚಿಗೊಂದು ಸುಣ್ಣದ ಗೆರೆ, ಅದನ್ನು ತುಳಿಯಬಾರದು. ಅಲ್ಲಿಂದ ಎರಡು ಹೆಜ್ಜೆ ಹಿಂದೆ ಇನ್ನೊಂದು ಗೆರೆ, ಅದರ ಹಿಂದೆ ನಿಲ್ಲಬೇಕು. ರೈಲು ನಿಂತಾಗ ಗೆರೆ ತುಳಿಯದೆ ಡಬ್ಬಿ ಹತ್ತುವುದು ಹೇಗೆ ಎಂದು ಅವರೂ ಹೇಳಿಕೊಡಲಿಲ್ಲ, ನಮಗೂ ಗೊತ್ತಾಗಲಿಲ್ಲ. ಮುದುಕಿಯರು ಸೀರೆ ಎತ್ತಿಕೊಂಡು ಹಳ್ಳ ದಾಟುವ ಹಾಗೆ ದಾಟುತ್ತಿದ್ದರು. ತುಳಿದವರ ಹೆಜ್ಜೆಯ ಗುರುತನ್ನು ರೈಲು ಹೋದ ಮೇಲೆ ಮಾಸ್ಟರು ಕೂತು ನೋಡುತ್ತಿದ್ದರು. ಯಾರ ಪಾದ ಎಂದು ಅವರಿಗೆ ತಿಳಿಯುತ್ತಿತ್ತು. ಮಾರನೆಯ ದಿನ ಆ ಪಾದದವರಿಗೆ ಪೂಜೆ.

ಇದ್ದ ಒಂದೇ ಬೆಂಚಿಗೆ ಹಸಿರು ಬಣ್ಣ ಹೊಡೆಸಿ, "ಬಣ್ಣ ಹಸಿಯಾಗಿದೆ, ಕುಳಿತುಕೊಳ್ಳಬಾರದು" ಎಂದು ರಟ್ಟಿನ ಮೇಲೆ ಬರೆದು ತೂಗುಹಾಕಿದರು. ಸುಳ್ಳು ಹೇಳಿದರೆ ನನ್ನ ಬಾಯಿ ಬಿದ್ದುಹೋಗಲಿ, ಆ ರಟ್ಟು ಅಲ್ಲಿ ಮೂರು ವರ್ಷ ತೂಗಿತು. ಮಳೆಗೆ ನೆನೆದು ಅಕ್ಷರ ಅಳಿಸಿದಾಗ ಹೊಸ ರಟ್ಟಿನ ಮೇಲೆ ಮತ್ತೆ ಅದನ್ನೇ ಬರೆದು ಹಾಕಿದರು.

ಅವರ ಬಾಯಲ್ಲಿ ಸದಾ ಇದ್ದ ಮಾತು ಒಂದೇ: "ಸ್ಟೇಷನ್ ಅಂದ್ರೆ ಸಂತೆ ಅಲ್ಲ." ಸೊಪ್ಪಿನ ಪಾಪಕ್ಕನಿಗೂ ಅವರಿಗೂ ದಿನಾ ಜಗಳ. ಪಾಪಕ್ಕ ಗಂಡ ಸತ್ತ ಹೆಂಗಸು, ದೊಡ್ಡ ಕುಕ್ಕೆ, ಅದಕ್ಕಿಂತ ದೊಡ್ಡ ಬಾಯಿ.

"ಏಯ್, ಕುಕ್ಕೆ ಕೆಳಗಿಡಬೇಡ. ನೀರು ಸೋರ್ತಿದೆ, ಕಾಣಲ್ವಾ?"

"ಸೊಪ್ಪು ಸಾಮಿ, ನೀರು ಚಿಮುಕಿಸ್ದೆ ಇದ್ರೆ ಬಾಡೋಗ್ತದೆ."

"ತಲೆ ಮೇಲೇ ಇಟ್ಕೊಂಡಿರು ರೈಲು ಬರೋವರ್ಗೂ."

"ಏಮಿ ಸಾಮಿ ನೀನು! ಒಂದು ಕೊತ್ತಂಬರಿ ಎಲೆ ಬಿದ್ರೆ ನಿನ್ನ ರೈಲು ಪಲ್ಟಿ ಹೊಡೀತದಾ?"

ಎಲ್ಲರೂ ನಗುತ್ತಿದ್ದರು. ಅವರು ನಗುತ್ತಿರಲಿಲ್ಲ. ಮೊಳೆ ಹೊಡೆದ ಒಂದು ಕೋಲು ಇಟ್ಟುಕೊಂಡಿದ್ದರು, ಅದರಲ್ಲಿ ಆ ಎಲೆಯನ್ನು ಚುಚ್ಚಿ ಎತ್ತಿ, ದೂರ ಹಿಡಿದುಕೊಂಡು ಹೋಗಿ ಗುಂಡಿಗೆ ಹಾಕಿ ಬರುತ್ತಿದ್ದರು. ರೇಷ್ಮೆಗೂಡಿನ ಚೀಲ ಬಂದರಂತೂ ಕರವಸ್ತ್ರ ಮೂಗಿಗೆ. ಗೂಡಿನ ವಾಸನೆ ನಮ್ಮ ಮನೆಯ ವಾಸನೆ. ಅಪ್ಪನ ಹಿಪ್ಪುನೇರಳೆ ತೋಟದ ಅನ್ನ ತಿಂದೇ ನಾನು ಬೆಳೆದವಳು. ಆ ಕರವಸ್ತ್ರ ನೋಡಿದಾಗ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಆಮೇಲೆ ಒಂದೊಂದೇ ನಿಯಮ ಬಂತು. ಗೂಡಿನ ಚೀಲ ತಗೊಳ್ಳುವುದಿಲ್ಲ. ಕೋಳಿ ತರಬಾರದು. ಮಾವಿನ ಕುಕ್ಕೆ ಹೊರಗೆ ಬಿಸಿಲಲ್ಲಿರಬೇಕು, ಸ್ಟೇಷನ್ ಎದುರಿನ ಹುಣಸೆ ಮರದ ಕೆಳಗೂ ಇಡಬಾರದು, ಯಾಕೆಂದರೆ ಅಲ್ಲಿ ನೊಣ ಬರುತ್ತದೆ. ಮೂರು ಮೈಲಿ ಆಚೆ ದೊಡ್ಡ ರಸ್ತೆಯಲ್ಲಿ ಬಸ್ಸುಗಳು ಹೆಚ್ಚಾಗತೊಡಗಿದ ಕಾಲ ಅದು. ಬಸ್ಸಿನವನು ಕುಕ್ಕೆಯನ್ನು ತಾನೇ ಟಾಪಿಗೆ ಎತ್ತಿ ಹಾಕುತ್ತಿದ್ದ, "ಬಾಮ್ಮ, ಬಾಕ್ಕ" ಎಂದು ಕರೆಯುತ್ತಿದ್ದ. ದೊಡ್ಡ ರೈತರು ಗಾಡಿ ಕಟ್ಟಿಕೊಂಡು ಅತ್ತ ಹೋದರು. ಪಾಪಕ್ಕನಂಥ ನಡೆದು ಹೋಗುವವರು ಮಾತ್ರ ಉಳಿದರು. ಮಾಸ್ಟರಿಗೆ ಅದರಿಂದ ಬೇಸರವೇನೂ ಆಗಲಿಲ್ಲ. ಬಸ್ಸನ್ನು ಅವರು ಬಹಳ ಕೀಳಾಗಿ ಕಾಣುತ್ತಿದ್ದರು. "ಕುರಿ ತುಂಬೋ ಗಾಡಿ" ಎನ್ನುತ್ತಿದ್ದರು. ಕುರಿಗಳು ಅತ್ತ ಹೋದದ್ದು ಅವರಿಗೆ ಸಂತೋಷವೇ. ವರ್ಷಕ್ಕೊಮ್ಮೆ ಚೆನ್ನಾಗಿ ಇಟ್ಟುಕೊಂಡ ಸ್ಟೇಷನ್ನಿಗೆ ಬಹುಮಾನ ಕೊಡುತ್ತಿದ್ದರು. ಒಂದು ಸಲ ಅವರಿಗೆ ಎರಡನೆಯದು ಬಂತು. ಆ ಕಾಗದವನ್ನು ಕಟ್ಟು ಹಾಕಿಸಿ ಟಿಕೀಟಿನ ಕಿಂಡಿಯ ಮೇಲೆ ತೂಗಿಹಾಕಿದರು. ಮೊದಲನೆಯದು ಯಾಕೆ ಬರಲಿಲ್ಲ ಎಂದರೆ ಅದಕ್ಕೂ ಪಾಪಕ್ಕನ ಕೊತ್ತಂಬರಿಯೇ ಕಾರಣ.

ಈಗ ನನ್ನ ವಿಷಯ. ನಾನು ಎಸ್ಸೆಸ್ಸೆಲ್ಸಿ, ಪಿಯುಸಿ ಪಾಸು ಮಾಡಿ ಕೋಲಾರದ ಕಾಲೇಜಿಗೆ ಬಿ.ಎ. ಸೇರಿದೆ. ನಮ್ಮೂರಿನಲ್ಲಿ ಅಷ್ಟು ದೂರ ಓದಿದ ಹುಡುಗಿ ನಾನೊಬ್ಬಳೇ. ಅಪ್ಪ ಸುಲಭಕ್ಕೆ ಒಪ್ಪಿದವನಲ್ಲ. ಒಪ್ಪಿದ್ದು ಈ ರೈಲನ್ನು ನೋಡಿ. ಬೆಳಗ್ಗೆ ಏಳಕ್ಕೆ ಹತ್ತಿದರೆ ಹೆಂಗಸರ ಡಬ್ಬಿ, ಸಂಜೆ ಐದೂವರೆಗೆ ಇಳಿದರೆ ಅಪ್ಪನ ತೋಟದಿಂದಲೇ ಕಾಣುತ್ತಿತ್ತು. "ರೈಲು ಇರೋಗಂಟ ಓದ್ಕೊ. ಬಸ್ಸಲ್ಲಿ ಗಂಡಸರ ಮಧ್ಯ ನೇತಾಡ್ಕೊಂಡು ಹೋಗೋದು ನನಗೆ ಬೇಡ" ಎಂದು ಮೊದಲೇ ಹೇಳಿದ್ದ. ಅಪ್ಪ ಒಂದು ಸಲ ಹೇಳಿದ ಮಾತನ್ನು ಎರಡನೆಯ ಸಲ ಹೇಳುವ ಅಭ್ಯಾಸವಿದ್ದವನಲ್ಲ. ಹಾಗಾಗಿ ಆ ಸ್ಟೇಷನ್ನು ಎಷ್ಟು ದಿನವೋ ನನ್ನ ಕಾಲೇಜು ಅಷ್ಟು ದಿನ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಮಾಸ್ಟರು ನನ್ನನ್ನು ಮಾತ್ರ ಬೇರೆಯಾಗಿ ಕಂಡರು. ಒಗೆದ ಸೀರೆ, ಕೈಯಲ್ಲಿ ಪುಸ್ತಕ, ಸೀಸನ್ ಪಾಸು, ಕುಕ್ಕೆ ಇಲ್ಲ. ಅವರ ಕನಸಿನ ಪ್ರಯಾಣಿಕಳು ನಾನೇ. "ಬಾ ಮಗು, ಒಳಗೆ ಕೂತ್ಕೋ" ಎಂದು ಟಿಕೀಟಿನ ಕೋಣೆಯೊಳಗೆ ಸ್ಟೂಲು ಹಾಕುತ್ತಿದ್ದರು. ಪಾಪಕ್ಕ ಕುಕ್ಕೆ ಹೊತ್ತುಕೊಂಡು ಬಿಸಿಲಲ್ಲಿ ನಿಂತಿರುವಾಗ ನಾನು ನೆರಳಲ್ಲಿ ಸ್ಟೂಲಿನ ಮೇಲೆ ಇತಿಹಾಸದ ನೋಟ್ಸು ಓದುತ್ತಿದ್ದೆ. ಕಿಟಕಿಯಿಂದ ಅವಳು ಒಮ್ಮೆ ಇಣುಕಿ, "ಏನೇ ಅಮ್ಮಯ್ಯ, ನೀನೂ ಮಾಸ್ಟ್ರಾಗ್ಬಿಟ್ಟಾ?" ಎಂದಳು. ನನಗೆ ಅದು ಗೇಲಿ ಎಂದು ಹೊಳೆಯಲಿಲ್ಲ, ಹೊಗಳಿಕೆ ಎಂದೇ ತಿಳಿದೆ. ಸಿಟ್ಟು ಬರದೆ ಇದ್ದದ್ದಕ್ಕೆ ಕಾರಣ ಇದು. ನಾನೂ ಕರವಸ್ತ್ರದ ಪಕ್ಷ ಸೇರಿದ್ದೆ.

ಎರಡನೆಯ ವರ್ಷದ ಬಿ.ಎ.ಯಲ್ಲಿದ್ದಾಗ ಒಂದು ಬೆಳಗ್ಗೆ ಮಾಸ್ಟರು ನನ್ನನ್ನು ಒಳಗೆ ಕರೆದು, ಮೇಲಿನಿಂದ ಬಂದ ಕಾಗದ ತೋರಿಸಿದರು. ಮುಖ ಬಿಳುಪೇರಿತ್ತು.

"ಈ ಲೈನಲ್ಲಿ ಕೆಲವು ಸ್ಟೇಷನ್ ತೆಗೀತಾರಂತಮ್ಮ. ಬರೋ ಸೋಮವಾರ ಆಫೀಸರ್ ಒಬ್ರು ಬರ್ತಾರೆ. ಮೂರು ದಿನ ಇಲ್ಲೇ ಕೂತು ನೋಡಿ, ಈ ಸ್ಟೇಷನ್ ಇರಬೇಕೋ ಬೇಡವೋ ಅಂತ ಬರೀತಾರೆ."

"ಎಷ್ಟು ಜನ ಹತ್ತತಾರೆ ಅಂತ ನೋಡ್ತಾರಾ ಸಾರ್?" ಎಂದು ಕೇಳಿದೆ. ಎಷ್ಟಾದರೂ ನಾನು ಓದಿದವಳು, ಮೊದಲು ನನಗೆ ಹೊಳೆದದ್ದು ಸರಿಯಾಗಿಯೇ ಹೊಳೆಯಿತು.

"ಜನ ಎಲ್ಲ ಸ್ಟೇಷನ್ನಿಗೂ ಬರ್ತಾರೆ, ಅದೇನು ವಿಶೇಷ? ಇಷ್ಟು ಚೊಕ್ಕವಾಗಿರೋ ಸ್ಟೇಷನ್ ಇನ್ನೊಂದು ಎಲ್ಲಿದೆ ತೋರಿಸು. ಇದನ್ನ ನೋಡಿದ ಮೇಲೆ ಮುಚ್ಚೋಕೆ ಯಾರಿಗೆ ಮನಸ್ಸು ಬರತ್ತೆ? ಆದ್ರೆ ಆ ಮೂರು ದಿನ ಇಲ್ಲಿ ಒಂದು ಎಲೆ ಬೀಳಬಾರದು. ನಾನು ಹೇಳಿದ್ರೆ ನಿಮ್ಮೂರವರು ಜಗಳಕ್ಕೆ ಬರ್ತಾರೆ. ನೀನು ಹೇಳು ಮಗು. ಕುಕ್ಕೆ, ಮೂಟೆ ತಗೊಂಡು ಯಾರೂ ಬರಬಾರದು. ಮೂರೇ ದಿನ."

ಅವರು ಹೇಳಿದ ರೀತಿಗೆ ನನಗೂ ಹೌದು ಎನಿಸಿತು. ಸುಣ್ಣದ ಕಲ್ಲುಗಳ ಸಾಲು ನೋಡಿದೆ, ಗಿಡಗಳನ್ನು ನೋಡಿದೆ. ಇಷ್ಟು ಅಂದವಾದದ್ದನ್ನು ಯಾರು ತಾನೇ ಮುಚ್ಚುತ್ತಾರೆ? ಪುಸ್ತಕ ಓದಿದರೆ ಬುದ್ಧಿ ಬರುತ್ತದೆ ಎನ್ನುವವರಿಗೆ ನಾನು ಈ ಬೆಳಗಿನ ಕಥೆ ಹೇಳುತ್ತೇನೆ.

ಸಂಜೆ ಅರಳಿಕಟ್ಟೆಯ ಹತ್ತಿರ ನಿಂತು ಹೇಳಿದೆ. ಕೇಳಿದವರಿಗೆ "ಆಫೀಸರು" ಎಂಬ ಮಾತೊಂದೇ ಕಿವಿಗೆ ಬಿದ್ದದ್ದು. ನಮ್ಮೂರಿನವರ ಅರ್ಧ ಜನಕ್ಕೆ ಟಿಕೀಟು ತೆಗೆಯುವ ಅಭ್ಯಾಸವಿರಲಿಲ್ಲ, ಉಳಿದರ್ಧ ಜನ ತಮಗೆ ತೆಗೆದರೂ ಕುಕ್ಕೆಗೆ ತೆಗೆಯುತ್ತಿರಲಿಲ್ಲ. "ಚೆಕಿಂಗೇ ಅದು, ಇನ್ನೇನು? ಮೂರು ದಿನ ಕಾದು ಕೂತು ಹಿಡೀತಾರೆ" ಎಂದು ಒಬ್ಬರು. "ಹಿಡಿದ್ರೆ ಕೋಲಾರಕ್ಕೇ ಕರ್ಕೊಂಡೋಗಿ ಜೈಲಿಗಾಕ್ತಾರೆ" ಎಂದು ಇನ್ನೊಬ್ಬರು. ಅದು ಚೆಕಿಂಗ್ ಅಲ್ಲ, ಸ್ಟೇಷನ್ ಉಳಿಸುವ ವಿಷಯ, ಬರಿಗೈಯಲ್ಲಾದರೂ ಬಂದು ಒಂದೊಂದು ಟಿಕೀಟು ತೆಗೆದು ಹತ್ತಿ ಎಂದು ಹೇಳಬಹುದಿತ್ತು. ಪಾಪಕ್ಕ ನನ್ನ ಕೈ ಹಿಡಿದು ಕೇಳಿಯೂ ಕೇಳಿದಳು.

"ನೀನು ಓದಿರೋಳು, ಹೇಳು ಕಣಮ್ಮ. ಕುಕ್ಕೆ ಬಿಟ್ಟು ಬರಿ ಮೈಯಲ್ಲಿ ಬಂದ್ರೆ ಏನಾರ ಅಂತಾರಾ? ಬರೋದಾ, ಬೇಡ್ವಾ?"

"ಮೂರು ದಿನ ಬೇಡಕ್ಕ" ಎಂದೆ. ಅವಳ ಸೀರೆಯ ಸೆರಗು ನೆನೆದು ಮಣ್ಣಾಗಿತ್ತು. ಅದೇ ನನ್ನ ಕಣ್ಣಿಗೆ ಬಿದ್ದದ್ದು.

ಸೋಮವಾರ ಆಫೀಸರು ಬಂದರು. ಬಡಕಲು ಮನುಷ್ಯ, ನೆಗಡಿಯಾಗಿತ್ತು, ಕೈಯಲ್ಲಿ ಒಂದು ನೋಟುಬುಕ್ಕು. ಮಾಸ್ಟರು ಬೆಂಚಿನ ರಟ್ಟು ತೆಗೆದು ಅವರನ್ನು ಕೂರಿಸಿದ್ದರು. ಹಸಿರು ಬಣ್ಣ ಬಿದ್ದ ಮೇಲೆ ಆ ಬೆಂಚಿನ ಮೇಲೆ ಮನುಷ್ಯ ಕೂತದ್ದನ್ನು ನಾನು ಮೊದಲ ಸಲ ನೋಡಿದೆ. ರಾತ್ರಿ ಹೊಸದಾಗಿ ಬಳಿದ ಸುಣ್ಣದ ವಾಸನೆ. ಪ್ಲಾಟ್‌ಫಾರಮ್ಮಿನ ಮೇಲೆ ನಾನೊಬ್ಬಳು. ರೈಲು ಬಂತು, ನಾನು ಗೆರೆ ತುಳಿಯದೆ ಹತ್ತಿದೆ. ಮಂಗಳವಾರವೂ ನಾನೊಬ್ಬಳು. ಮಾಸ್ಟರು ಹಸಿರು ಬಾವುಟ ಹಿಡಿದು ನಿಂತಿದ್ದ ಠೀವಿ ಎಂದರೆ! ಮದುವೆ ಮನೆಯ ಯಜಮಾನನೂ ಹಾಗೆ ನಿಲ್ಲುವುದಿಲ್ಲ.

ಬುಧವಾರ ಆಫೀಸರು ನನ್ನನ್ನು ಕರೆದರು.

"ದಿನಾ ಬರ್ತೀಯೇನಮ್ಮ?"

"ಹೂಂ ಸಾರ್. ಕಾಲೇಜಿಗೆ."

"ಇಲ್ಲಿ ಯಾವಾಗಲೂ ಹೀಗೇನಾ? ಇಷ್ಟೇ ಜನಾನಾ?"

ಅವರ ಹಿಂದೆ ಮಾಸ್ಟರು ನಿಂತಿದ್ದರು. ನನ್ನನ್ನೇ ನೋಡುತ್ತಿದ್ದರು, ಪರೀಕ್ಷೆಗೆ ಕೂತ ಮಗಳನ್ನು ಅಪ್ಪ ನೋಡುವ ಹಾಗೆ. ನಾನು ಸೀರೆಯ ನೆರಿಗೆ ಸರಿಮಾಡಿಕೊಂಡು, ಕಾಲೇಜಿನಲ್ಲಿ ಕಲಿತ ಶುದ್ಧ ಕನ್ನಡದಲ್ಲಿ ಹೇಳಿದೆ. "ಯಾವಾಗಲೂ ಹೀಗೆಯೇ ಸಾರ್. ಇಲ್ಲಿ ನೂಕುನುಗ್ಗಲು ಇಲ್ಲವೇ ಇಲ್ಲ. ಬಹಳ ಅಚ್ಚುಕಟ್ಟು."

ಆಫೀಸರು ಬರೆದುಕೊಂಡರು. ಬರೆಯುವಾಗ ಪುಟ ಕಂಡಿತು. ಗಿಡದ ಬಗ್ಗೆ ಅಲ್ಲಿ ಒಂದಕ್ಷರವಿರಲಿಲ್ಲ, ಸುಣ್ಣದ ಬಗ್ಗೆಯೂ ಇರಲಿಲ್ಲ. ಮೂರು ದಿನದ ತಾರೀಕು, ಪ್ರತಿಯೊಂದರ ಮುಂದೆ ಒಂದು ಎಂಬ ಅಂಕಿ. ಆ ಒಂದು ನಾನೇ. ಆಗ ನನಗೆ ಎಲ್ಲ ಅರ್ಥವಾಯಿತು. ಮಾತು ಹಿಂದಕ್ಕೆ ತೆಗೆದುಕೊಳ್ಳಲು ಬಾಯಿ ತೆರೆದೆ. ಅಷ್ಟರಲ್ಲಿ ರೈಲು ಬಂತು. ರೈಲು ಬಂತು ಎನ್ನುವುದೂ ಒಂದು ನೆಪವೇ, ಅದು ಎರಡು ನಿಮಿಷ ನಿಲ್ಲುತ್ತಿತ್ತು. ಆ ಎರಡು ನಿಮಿಷ ನಾನು ಕಿಟಕಿಯ ಪಕ್ಕ ತೆಪ್ಪಗೆ ಕೂತಿದ್ದೆ. ಮಾಸ್ಟರು ಕಿಟಕಿಯ ಹತ್ತಿರ ಬಂದು, "ಭೇಷ್ ಮಗು, ಚೆನ್ನಾಗಿ ಹೇಳಿದೆ" ಎಂದು ಬಾವುಟ ಬೀಸಿದರು.

ಆರ್ಡರು ಬರಲು ನಾಲ್ಕು ತಿಂಗಳು ಹಿಡಿಯಿತು. ರೈಲು ಓಡುವುದು ಓಡುತ್ತದೆ, ನಮ್ಮೂರಲ್ಲಿ ನಿಲ್ಲುವುದಿಲ್ಲ. ಕೊನೆಯ ದಿನ ಊರವರೆಲ್ಲ ಬಂದು ಮಾಸ್ಟರಿಗೆ ಬಾಯಿಗೆ ಬಂದಂತೆ ಬೈದರು. ಪಾಪಕ್ಕ ಎರಡು ಗೆರೆಗಳ ನಡುವೆ ನಿಂತು ಎಲೆ ಅಡಿಕೆ ತುಪ್ಪಿ ಹೋದಳು. ಎಲ್ಲರೂ ಹೋದ ಮೇಲೆ ಅವರು ಬಕೆಟ್ಟಿನಲ್ಲಿ ನೀರು ತಂದು ಆ ಕೆಂಪನ್ನು ತೊಳೆದರು. ನಾಳೆಯಿಂದ ಒಂದು ನಾಯಿಯೂ ಇಳಿಯದ ಜಾಗವನ್ನು ಕುಕ್ಕರಗಾಲಲ್ಲಿ ಕೂತು ಉಜ್ಜುತ್ತಿದ್ದರು. ನೋಡಿ ನನಗೆ ಅಸಹ್ಯವಾಯಿತು. ಬೈದವರಲ್ಲಿ ಯಾರಿಗೂ ಆಫೀಸರ ಮುಂದೆ ನಾನು ಆಡಿದ ಮಾತು ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಅಪ್ಪ ನನ್ನ ಪುಸ್ತಕಗಳನ್ನು ತಾನೇ ಗೂಡಿನ ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದ. "ಇನ್ನೊಂದೇ ವರ್ಷ ಅಪ್ಪ" ಎಂದು ಕಾಲು ಹಿಡಿದು ಅತ್ತಿದ್ದೇನೆ. "ರೈಲು ಇರೋಗಂಟ ಅಂದಿದ್ದೆ" ಎಂದ, ಅಷ್ಟೇ. ಮುಂದಿನ ವೈಶಾಖಕ್ಕೆ ಮದುವೆ ಮಾಡಿ ಮಾಸ್ತಿಗೆ ಕೊಟ್ಟರು. ತವರಿಗೆ ಹೋದಾಗಲೆಲ್ಲ ಸ್ಟೇಷನ್ ಒಂದೊಂದೇ ಅಂಗ ಕಳೆದುಕೊಂಡಿರುತ್ತಿತ್ತು. ಮೊದಲು ಬಾಗಿಲು, ಆಮೇಲೆ ಹೆಂಚು, ಆಮೇಲೆ ಆ ಬೆಂಚು. ಸುಣ್ಣದ ಕಲ್ಲುಗಳು ಯಾರದೋ ಬಚ್ಚಲಿಗೆ ಹೋದವು. ಟಿಕೀಟಿನ ಕೋಣೆಯಲ್ಲಿ ಆಡು ಕಟ್ಟಿದ್ದರು, ನೆಲದ ತುಂಬ ಹಿಕ್ಕೆ. ಮಾಸ್ಟರು ಬಂದು ನೋಡಬೇಕಿತ್ತು ಎಂದುಕೊಂಡು ಒಂದು ಕ್ಷಣ ಖುಷಿಪಟ್ಟೆ.

ಎಂಬತ್ತರ ದಶಕದ ನಡುವೆ ಬೈರಕೂರಿನಲ್ಲಿ ನಮ್ಮ ನೆಂಟರ ಮದುವೆಗೆ ಹೋದವಳು, ಮುಳಬಾಗಿಲಿನಲ್ಲಿ ಬಸ್ಸು ಬದಲಿಸುವಾಗ ಅವರ ಮನೆ ಹುಡುಕಿಕೊಂಡು ಹೋದೆ. ಒಂದು ಸಲವಾದರೂ ಮುಖದ ಮೇಲೆ ಹೇಳಬೇಕು, ನಿಮ್ಮ ಪೊರಕೆಯಿಂದ ನನ್ನ ಬಾಳು ಕೆಟ್ಟಿತು ಎಂದು. ಆಗ ನಾನು ಮಾಸ್ತಿಯಲ್ಲಿ ಅಂಗನವಾಡಿ ನಡೆಸುತ್ತಿದ್ದೆ. ಬೈಯುವ ಮಾತುಗಳನ್ನು ಬಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ನನ್ನ ತಪ್ಪನ್ನೂ ಆಡಿಯೇ ಬಿಡುವುದು ಎಂದಿದ್ದೆ.

ಅವರು ರಿಟೈರಾಗಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡಲು ಸುಣ್ಣದ ಚೌಕ. ಗುರುತು ಹಿಡಿದು, "ಬಾ ಮಗು, ಬಾ" ಎಂದು ಎದ್ದೇ ನಿಂತರು. ಒಳಗಿಂದ ಹೆಂಡತಿ ಬಂದರು. "ನೀನೇನಾಮ್ಮ ಆ ಹುಡುಗಿ? ಇವರು ನಿನ್ನ ವಿಷಯ ಹೇಳದ ದಿನ ಇಲ್ಲ. ಆಫೀಸರ್ ಮುಂದೆ ಸ್ಟೇಷನ್ ಪರವಾಗಿ ಬಾಯಿಬಿಟ್ಟು ಮಾತಾಡಿದ್ದು ನೀನೊಬ್ಬಳೇ ಅಂತೆ. ಓದಿದ ಹುಡುಗಿ ಅಂದ್ರೆ ಹಾಗಿರಬೇಕು ಅಂತ ಬಂದವರಿಗೆಲ್ಲ ಹೇಳ್ತಾರೆ." ಆಕೆ ನನಗೆ ಕುಂಕುಮ ಕೊಟ್ಟರು. ಬೈಯಲು ಬಂದವಳು ಕುಂಕುಮ ಇಟ್ಟುಕೊಂಡು, ಅವರು ತೋರಿಸಿದ ಕಡೆ ಕೂತೆ. ಈ ಮನುಷ್ಯನಿಗೆ ಇಷ್ಟು ವರ್ಷದಲ್ಲಿ ಒಂದು ದಿನವೂ, ಅರ್ಧ ಗಳಿಗೆಯೂ, ಏನು ನಡೆಯಿತೆಂದು ಹೊಳೆದಿಲ್ಲ. ನನಗೆ ಹೊಳೆದಿತ್ತು, ಅಂದೇ, ಆ ಪುಟ ಕಂಡಾಗಲೇ. ಇಬ್ಬರಲ್ಲಿ ಯಾರು ಹೆಚ್ಚು ಹೀನ ಎಂದು ಅಲ್ಲಿ ಕೂತು ನಾನು ತೂಗಿ ನೋಡಿದೆ, ತಕ್ಕಡಿ ನನ್ನ ಕಡೆಗೇ ವಾಲಿತು.

"ಡಿಗ್ರಿ ಆದ ಮೇಲೆ ಏನು ಮಾಡಿದೆ ಮಗು? ಬಿ.ಎಡ್. ಮಾಡಿದೆಯಾ?" ಎಂದು ಅವರು ಕೇಳಿದರು.

"ಡಿಗ್ರಿ ಆಗಲೇ ಇಲ್ಲ ಸಾರ್. ರೈಲು ನಿಲ್ಲಲಿಲ್ಲವಲ್ಲ, ಅಪ್ಪ ಕಾಲೇಜು ಬಿಡಿಸಿಬಿಟ್ಟರು."

ಅವರು ನನ್ನನ್ನು ನೋಡಿದರು. ಮುಖದಲ್ಲಿ ವಂಚನೆಯಿಲ್ಲ, ಕಲ್ಮಷವಿಲ್ಲ, ಬರೀ ಆಶ್ಚರ್ಯ.

"ಯಾಕಮ್ಮ?" ಎಂದರು. "ಬಸ್ಸಿತ್ತಲ್ಲ?"